ಒಂದೇ ಊರು, ಒಂದೇ ನೀರು, ಕಾಯಿಲೆ ಮಾತ್ರ ಅವ್ರ ಮನೆಗೇ ಯಾಕೆ?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲ್ಲೂಕಿನ ಹಳ್ಳಿ, ಅಡಿಕೆ ತೋಟ ಇದೆ. ತೋಟದ ಕೆಲ್ಸಕ್ಕೆ ಬರೋ ಒಂದು ಕುಟುಂಬ ನಮ್ಮನೆಯಿಂದ ಕೂಗಳತೆ ದೂರದಲ್ಲೇ ಇದೆ. ಅವ್ರ ಮನೆ ಅಕ್ಕನಿಗೆ ನಲವತ್ತೈದಕ್ಕೇ ದಮ್ಮು, ಅವ್ಳ ಅತ್ತೆಗೆ ಕಣ್ಣು ಮಂಜು, ಮಗುಗೆ ತಿಂಗಳಿಗೊಮ್ಮೆ ಕಫ. ಹೋದ ವರ್ಷ ಮಂಗನ ಕಾಯಿಲೆ ಬಂದದ್ದೂ ಅವ್ರ ಮನೆಗೇ. ನಮ್ಮನೇಲಿ ಎಂಬತ್ತು ದಾಟಿದ ಮಾವ ಇವತ್ತಿಗೂ ತೋಟಕ್ಕೆ ಹೋಗಿ ಬರ್ತಾರೆ. ಊರು ಒಂದೇ, ಇಷ್ಟೊಂದು ಹಸಿರು, ಗಾಳಿ ಒಂದೇ, ನೀರೂ ಹೆಚ್ಚುಕಮ್ಮಿ ಒಂದೇ. ಇದು ಅವ್ರ ಅಭ್ಯಾಸದ ಸಮಸ್ಯೆನಾ? ಒಂದು ವಾಟರ್ ಫಿಲ್ಟರ್ ಕೊಡಿಸೋಣ ಅಂತಿದ್ದೇವೆ, ಉಪಯೋಗ ಆಗ್ತದಾ ಡಾಕ್ಟ್ರೇ?

ಉತ್ತರ: ಫಿಲ್ಟರ್ ವಿಷಯ ಆಮೇಲೆ ಹೇಳ್ತೇನೆ. ಮೊದ್ಲು ಆ "ಗಾಳಿ ಒಂದೇ" ಅಂದ್ರಲ್ಲ, ನನ್ನ ತಕರಾರು ಅಲ್ಲೇ ಇರೋದು.

ಪಂಚಾಯ್ತಿ ಒಂದೇ, ಬಸ್ ಸ್ಟಾಪ್ ಒಂದೇ, ಹೌದು. ಆದ್ರೆ ಒಬ್ಬ ಮನುಷ್ಯನ ಮೈಗೆ ಪರಿಸರ ಅಂದ್ರೆ ಮೂಗಿನ ಮುಂದಿರೋ ಒಂದು ಮೊಳ ಗಾಳಿ, ಬರಿಗಾಲಿಗೆ ತಾಗೋ ನೆಲ, ಆಮೇಲೆ ಅಲ್ಲಿ ದಿನಕ್ಕೆ ಎಷ್ಟು ತಾಸು ಇರ್ಬೇಕಾಗ್ತದೆ ಅನ್ನೋದು. ಆ ಲೆಕ್ಕ ಹಾಕಿದ್ರೆ ನೀವೂ ಆ ಅಕ್ಕನೂ ಇರೋದು ಬೇರೆ ಬೇರೆ ಊರಲ್ಲೇ. ಅಂಕೋಲಾ ಹತ್ರದ ಶಿರೂರು ನೆನಪು ಮಾಡ್ಕೊಳ್ಳಿ, 2024ರ ಜುಲೈ 16ರಂದು ಹೈವೇ ಮೇಲೆ ಗುಡ್ಡ ಕುಸೀತಲ್ಲ. ಆ ರಸ್ತೇಲಿ ನಾನೂ ಎಷ್ಟು ಸಲ ಕಾರಲ್ಲಿ ಹೋಗಿದ್ದೇನೆ, ಗುಡ್ಡದ ಬುಡದಲ್ಲಿ ನಾನು ಇರ್ತಿದ್ದದ್ದು ಅರ್ಧ ನಿಮಿಷ, ಚಾ ಕುಡಿಯೋಕೆ ನಿಂತ್ರೆ ಹತ್ತು ನಿಮಿಷ. ಚಾ ಮಾಡಿ ಕೊಡೋರು ಇಡೀ ದಿನ ಇಡೀ ವರ್ಷ ಅಲ್ಲೇ. ಮಣ್ಣು ಬಂದು ಗಂಗಾವಳಿಗೆ ಬಿದ್ದ ರಭಸಕ್ಕೆ ನೀರು ಎದ್ದು ಎದುರು ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಗುಡ್ಡ ಬೀಳೋವಾಗ ಯಾರನ್ನೂ ಆರಿಸ್ಲಿಲ್ಲ ಅಂತಾರೆ, ಆದ್ರೆ ಗುಡ್ಡದ ಕೆಳಗೆ ಯಾರು ಎಷ್ಟು ಹೊತ್ತು ಕೂತಿರ್ಬೇಕು ಅನ್ನೋದು ಮುಂಚೇನೇ ತೀರ್ಮಾನ ಆಗಿತ್ತಲ್ಲ.

ಈಗ ನಿಮ್ಮೂರಿಗೆ ಬರೋಣ. ಜುಲೈ ತಿಂಗಳಲ್ಲಿ ಒಂದ್ಸಲ ಅವ್ರ ಮನೆಗೆ ಹೋಗಿ, ಅಂಗಳದಲ್ಲಿ ನಿಂತು ಮಾತಾಡ್ಸಿ ಬರೋದಲ್ಲ, ಅಡಿಗೆ ಮಾಡೋ ಹೊತ್ತಿಗೆ ಒಲೆ ಪಕ್ಕ ಕಾಲು ಗಂಟೆ ಕೂತ್ಕೊಳ್ಳಿ. ನಾನು ನೋಡಿದ ಇಂಥ ಎಷ್ಟೋ ಮನೇಲಿ ಮಳೆಗಾಲ ಅಂದ್ರೆ ಹೀಗೆ: ಹೊಗೆ ಹೋಗ್ಬೇಕಾದ ಸಂದಿಗೆಲ್ಲ ಇರಚಲು ತಡೆಯೋಕೆ ಪ್ಲಾಸ್ಟಿಕ್ ಕಟ್ಟಿರ್ತಾರೆ, ಕಟ್ಟಿಗೆ ಹಸಿ ಅಂತ ಒಲೆ ಮೇಲಿನ ಅಟ್ಟದಲ್ಲೇ ಒಣಗೋಕೆ ಇಟ್ಟಿರ್ತಾರೆ, ಅದು ಅರ್ಧ ಒಣಗೋದ್ರೊಳಗೆ ಉರಿಗೆ ಹೋಗ್ತದೆ, ಊದುಗೊಳವೆ ಹಿಡಿದು ಊದಿ ಊದಿ ಆ ಅಕ್ಕ ಪ್ರತಿ ಸಲ ಉಸಿರು ಎಳ್ಕೊಳ್ಳೋದು ಒಲೆ ಬಾಯಿಂದಲೇ. ಮಗು ಎಲ್ಲಿ? ಒಲೆ ಪಕ್ಕ, ಯಾಕಂದ್ರೆ ಇಡೀ ಮನೇಲಿ ಬೆಚ್ಚಗಿರೋ ಜಾಗ ಅದೊಂದೇ. ಗೋಡೆ ಕಪ್ಪಾಗಿರೋದನ್ನ ಬೆರಳಲ್ಲಿ ಉಜ್ಜಿ ನೋಡಿ, ಅದೇ ಮಸಿ ಒಳಗೂ ಹೋಗ್ತಾ ಇರ್ತದೆ.

ಆ ಹೊಗೇಲಿರೋ ಸಣ್ಣ ಕಣಗಳಿಗೆ ಪಿಎಂ 2.5 ಅಂತಾರೆ, ಅಂದ್ರೆ ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದು, ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲೂ ಇಲ್ಲ. ದೊಡ್ಡ ಧೂಳು ಮೂಗಲ್ಲಿ ನಿಲ್ತದೆ, ಇದು ಸೀದಾ ಶ್ವಾಸಕೋಶದ ತುದಿಗೂಡಿನ ತನಕ ಹೋಗಿ ಅಲ್ಲಿಂದ ರಕ್ತಕ್ಕೂ ದಾಟ್ತದೆ. ದಿನದ ಸರಾಸರಿ ಒಂದು ಘನ ಮೀಟರ್ ಗಾಳೀಲಿ 15 ಮೈಕ್ರೋಗ್ರಾಂ ದಾಟಬಾರ್ದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ, ನಮ್ಮ ದೇಶದ ಮಿತಿ 60. ಕಟ್ಟಿಗೆ ಒಲೆ ಉರಿಯೋವಾಗ ಮುಚ್ಚಿದ ಅಡಿಗೆಮನೇಲಿ ಮೀಟರ್ ಇಟ್ರೆ ಅದು ನೂರಾರು ದಾಟಿ ಸಾವಿರದ ಹತ್ರ ಹೋಗೋದು ಏನೂ ಅಪರೂಪ ಅಲ್ಲ. ದಿಲ್ಲಿ ಗಾಳಿ ಬಗ್ಗೆ ಟೀವೀಲಿ ನೋಡಿ ಅಯ್ಯೋ ಅಂತೀವಿ, ದಿಲ್ಲಿ ನಮ್ಮ ಹಿತ್ತಲಲ್ಲೇ ಉಂಟು. 2020ರ ಒಂದೇ ವರ್ಷ ಮನೆಯೊಳಗಿನ ಹೊಗೆಯಿಂದ ಜಗತ್ತಲ್ಲಿ ಸುಮಾರು 32 ಲಕ್ಷ ಸಾವು ಅಂತ ಅದೇ ಸಂಸ್ಥೆಯ ಅಂದಾಜು, ಅದ್ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಬೀಡಿ ಮುಟ್ಟದ ಹೆಂಗಸಿಗೆ ನಲವತ್ತೈದಕ್ಕೆ ದಮ್ಮು ಬಂತು ಅಂದ್ರೆ ನಾನು ಮೊದ್ಲು ಕೇಳೋದೇ ಒಲೆ ಯಾವ್ದು ಅಂತ. ಅತ್ತೆಯ ಕಣ್ಣಿನ ಪೊರೆಗೂ, ಮಗುವಿನ ಕಫಕ್ಕೂ ಅದೇ ಹೊಗೆಯ ಪಾಲಿದೆ.

ನಿಮ್ಮನೇಲೂ ಬಚ್ಚಲ ಹಂಡೆಗೆ ಕಟ್ಟಿಗೇನೇ ಅಲ್ವಾ? ಇರ್ಲಿ. ಬಚ್ಚಲು ಹೊರಗಡೆ, ಹೊಗೆಗೂಡು ಇದೆ, ಕಟ್ಟಿಗೆ ಕೊಟ್ಟಿಗೇಲಿ ವರ್ಷ ಮುಂಚೆ ಪೇರಿಸಿಟ್ಟು ಒಣಗಿದ್ದು, ಬೆಂಕಿ ಹಾಕಿ ನೀವು ಒಳಗೆ ಬರ್ತೀರಿ. ಅಡಿಗೆಗೆ ಗ್ಯಾಸು, ಇಲ್ಲಾಂದ್ರೆ ಗೋಬರ್ ಗ್ಯಾಸು. ಶಿರಸಿ ಸೀಮೆಯ ಗೋಬರ್ ಗ್ಯಾಸು ದೇಶದಲ್ಲೇ ಮಾದರಿ ಅಂತ ಹೆಸರು ಮಾಡಿದ್ದು, ನಾವೆಲ್ಲ ಹೆಮ್ಮೆಯಿಂದ ಹೇಳ್ಕೊಳ್ತೇವೆ, ಹೇಳ್ಕೊಳ್ಳೋ ವಿಷಯಾನೇ. ಆದ್ರೆ ಅದಕ್ಕೆ ಮೂರು ನಾಲ್ಕು ದನ ಬೇಕು, ಗುಂಡಿ ತೆಗೆಯೋಕೆ ಸ್ವಂತ ಜಾಗ ಬೇಕು, ಹೊರಗೆ ಬರೋ ಸ್ಲರಿ (ಸಗಣಿ ರಾಡಿ) ಹಾಕೋಕೆ ತೋಟ ಬೇಕು. ಇಷ್ಟೂ ಇದ್ದೋರ ಮನೆ ಹೊಗೆ ಹೋಯ್ತು, ಅವ್ರ ಕೊಟ್ಟಿಗೇಲಿ ಸಗಣಿ ಬಾಚೋರ ಮನೇಲಿ ಹೊಗೆ ಉಳೀತು. ಯಾರೂ ಬೇಕಂತ ಮಾಡಿದ್ದಲ್ಲ. ಒಳ್ಳೇ ಕೆಲ್ಸನೂ ಮೊದ್ಲು ಇದ್ದೋರ ಕಡೆಗೇ ಹರೀತದೆ, ನೀರು ತಗ್ಗಿಗೆ ಹರಿದಂಗಲ್ಲ ಇದು, ಉಲ್ಟಾ. 2016ರಿಂದ ಬಡವ್ರಿಗೆ ಅಂತ ಸರ್ಕಾರದ ಉಜ್ವಲ ಗ್ಯಾಸ್ ಕನೆಕ್ಷನ್ ಬಂತು, ಸಿಲಿಂಡರ್ ಮನೆಗೆ ಬಂದಿದ್ದೂ ಹೌದು, ಆದ್ರೆ ರೀಫಿಲ್ ದುಡ್ಡು ಹೊಂದಿಸೋಕಾಗದೆ ಎಷ್ಟೋ ಮನೇಲಿ ಅದನ್ನ ನೆಂಟರು ಬಂದಾಗ ಚಾ ಮಾಡೋಕೆ ಮಾತ್ರ ಹಚ್ತಾರೆ.

ಹಸಿರಿನ ವಿಷಯಕ್ಕೆ ಬರ್ತೇನೆ, ಯಾಕಂದ್ರೆ ನಮ್ಮ ಜಿಲ್ಲೆಯವ್ರಿಗೆಲ್ಲ ಇದೇ ಭ್ರಮೆ, ಕಾಡಿದೆ ಅಂದ್ಮೇಲೆ ಆರೋಗ್ಯ ಇದೆ ಅಂತ. ಇದಕ್ಕೆ ಆಧಾರ ಇಲ್ಲ ಅಂತಲ್ಲ. 2008ರಲ್ಲಿ ಇಂಗ್ಲೆಂಡಿನ ದೊಡ್ಡ ಸ್ಟಡಿಯೊಂದು ಬಂತು, ಮಿಚೆಲ್ ಮತ್ತು ಪೋಫಮ್ ಅನ್ನೋರದ್ದು, ಹಸಿರು ಜಾಸ್ತಿ ಇರೋ ಏರಿಯಾದಲ್ಲಿ ಬಡವ್ರಿಗೂ ಅನುಕೂಲಸ್ಥರಿಗೂ ನಡುವಿನ ಸಾವಿನ ಅಂತರ ಕಮ್ಮಿ ಇತ್ತು ಅಂತ. ನಾನೂ ಅದನ್ನ ಓದಿ ಹಾಗಾದ್ರೆ ಉತ್ತರ ಕನ್ನಡದಲ್ಲಿ ಅಂತರ ಇರ್ಲೇಬಾರ್ದಲ್ಲ ಅಂತ ತಲೆ ಕೆರ್ಕೊಂಡಿದ್ದುಂಟು. ಆಮೇಲೆ ಹೊಳೀತು, ಅಲ್ಲಿ ಹಸಿರು ಅಂದ್ರೆ ಪಾರ್ಕು, ಸಂಜೆ ನಾಯಿ ಕರ್ಕೊಂಡು ವಾಕಿಂಗ್ ಹೋಗೋ ಜಾಗ. ನಮ್ಮಲ್ಲಿ ಹಸಿರು ಅಂದ್ರೆ ಕೆಲ್ಸದ ಜಾಗ. ನಿಮಗೆ ಬೆಟ್ಟ ಅಂದ್ರೆ ಕಣ್ಣಿಗೆ ತಂಪು, ಅವ್ರಿಗೆ ಬೆಟ್ಟ ಅಂದ್ರೆ ದರಕು, ಗುಡಿಸಿ ತರ್ಬೇಕಾದ ಒಣಗಿದೆಲೆ.

ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು, ದರಕು ತರೋ ಕಾಡಿನ) ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು, ನಿಮಗೆ ಗೊತ್ತಿರೋದೇ. ಸವಲತ್ತು ತೋಟದವ್ರದ್ದು, ಬಗ್ಗಿ ದರಕು ಗುಡಿಸಿ ಕಲ್ಲಿ (ಬಲೆಚೀಲ) ತುಂಬಿ ಹೊರೋದು ಕೂಲಿಯವ್ರು. ಗುಡಿಸೋದು ಯಾವಾಗ? ಎಲೆ ಉದುರಿ ಒಣಗಿದ ಮೇಲೆ, ಡಿಸೆಂಬರ್‌ನಿಂದ ಮುಂದೆ. ಮಂಗನ ಕಾಯಿಲೆ ದಾಟಿಸೋ ಉಣುಗಿನ (ರಕ್ತ ಹೀರೋ ಉಣ್ಣೆ ಹುಳದ) ಮರಿ, ಎಳ್ಳುಕಾಳಷ್ಟೇ ಇರೋದು, ನೆಲದ ದರಕಿನಲ್ಲಿ ಮೈ ಹತ್ತೋಕೆ ಕಾಯ್ತಾ ಕೂರೋದೂ ಅದೇ ತಿಂಗಳುಗಳಲ್ಲಿ, ಮೇ ತನಕ. ಕಾಯಿಲೆಗೆ ತುತ್ತಾದ ಮುಸ್ಯ (ಕಪ್ಪು ಮುಖದ ಮಂಗ) ಅಥವಾ ಕೆಂಪು ಮಂಗ ಸತ್ತು ಬಿದ್ದಾಗ ಅದ್ರ ಮೈಮೇಲಿದ್ದ ಉಣುಗೆಲ್ಲ ಇಳಿದು ಸುತ್ತ ಹರಡ್ತವೆ, ಆ ಜಾಗಕ್ಕೆ ಬಗ್ಗಿ ಕೈ ಹಾಕೋರು ಯಾರೋ ಅವ್ರಿಗೇ ಮೊದ್ಲು. ಇದು ಹೊಸ ವಿಷಯ ಅಲ್ಲ, 1957ರಲ್ಲೇ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಗುರುತಾದದ್ದು, 2024ರ ಬೇಸಿಗೇಲಿ ನಿಮ್ಮ ಸಿದ್ದಾಪುರದಲ್ಲೇ ಜೋರಾಗಿ ಸಾವೂ ಆಯ್ತು. (ಮಂಗನಬಾವು ಬೇರೆ, ಅದು ಕೆನ್ನೆ ಊದೋದು, ಇನ್ನೂ ಎಷ್ಟೋ ಜನ ಗೊಂದಲ ಮಾಡ್ಕೊಳ್ತಾರೆ.) ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ, ಹಾಗಾಗಿ ಅವ್ರ ಮನೆಗೆ ಬಂದು ನಿಮ್ಮನೆಗೆ ಬರ್ಲಿಲ್ಲ ಅಂದ್ರೆ ಅದ್ರಲ್ಲಿ ಆಶ್ಚರ್ಯ ಏನಿಲ್ಲ, ಬೆಟ್ಟದಲ್ಲಿ ಬಗ್ಗಿದ್ದು ಯಾರು ಅನ್ನೋದಷ್ಟೇ ಪ್ರಶ್ನೆ.

ಇಲ್ಲಿ ತನಕ ಹೇಳಿದ್ದು ತಾಗೋದರ ಕತೆ. ತಾಗಿದ ಮೇಲೆ ಏನಾಗ್ತದೆ ಅನ್ನೋದು ಅಷ್ಟೇ ಮುಖ್ಯ. ಈ ಜ್ವರಕ್ಕೆ ಇಂಥದ್ದೇ ಅಂತ ಔಷಧಿ ಇಲ್ಲ, ಹಳೇ ಲಸಿಕೆ ಸರಿಯಾಗಿ ಕೆಲ್ಸ ಮಾಡ್ತಿಲ್ಲ ಅಂತ ನಿಂತೂ ಹೋಯ್ತು, ಇರೋದು ಬೇಗ ಬಂದು ಅಡ್ಮಿಟ್ ಆಗಿ ದ್ರವ, ಪ್ಲೇಟ್‌ಲೆಟ್ ನೋಡ್ಕೊಳ್ಳೋದು ಮಾತ್ರ. ನೂರಕ್ಕೆ ಮೂರರಿಂದ ಐದು ಜನ ಉಳಿಯಲ್ಲ. ನಿಮಗೆ ಜ್ವರ ಬಂದ್ರೆ ಅದೇ ಸಂಜೆ ಕಾರು ಹೊರಡ್ತದೆ. ಆ ಅಕ್ಕ ಮೊದಲ ದಿನ ಅಂಗಡಿ ಗುಳಿಗೆ ನುಂಗಿ ಕೆಲ್ಸಕ್ಕೇ ಬರ್ತಾಳೆ, ಎರಡನೇ ದಿನ ಮಲಗ್ತಾಳೆ, ಮೂರನೇ ದಿನ "ನಾಳೆ ಕಮ್ಮಿ ಆಗ್ಬಹುದು" ಅಂತ ಕಾಯ್ತಾಳೆ, ಆಸ್ಪತ್ರೆ ಅಂದ್ರೆ ಅವ್ಳ ಒಂದು ಕೂಲಿ, ಜೊತೆಗೆ ಹೋಗೋರ ಒಂದು ಕೂಲಿ, ಬಸ್ಸು, ಊಟ. ಚಿಕಿತ್ಸೆ ಫ್ರೀ ಇರ್ಬಹುದು, ಆಸ್ಪತ್ರೆಗೆ ಹೋಗಿ ಬರೋದು ಯಾವತ್ತೂ ಫ್ರೀ ಇರಲ್ಲ. ಇನ್ನು ಯಲ್ಲಾಪುರ ಹಳಿಯಾಳದ ಒಳಗಿನ ಸಿದ್ದಿ, ಗೌಳಿ ಸಮುದಾಯದವ್ರ ವಾಡೆಗಳ ಕಡೆ ಹೋದ್ರೆ ರಸ್ತೇನೇ ಇಲ್ಲ, ಮಳೆಗಾಲದಲ್ಲಿ ರೋಗಿನ ಕಂಬಳಿ ಜೋಲೀಲಿ ಹೊತ್ಕೊಂಡು ಬರ್ಬೇಕು.

1971ರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಅನ್ನೋ ಡಾಕ್ಟ್ರು, ವೇಲ್ಸಿನ ಕಲ್ಲಿದ್ದಲು ಗಣಿ ಹಳ್ಳೀಲಿ ಪ್ರಾಕ್ಟೀಸ್ ಮಾಡ್ತಿದ್ದವ್ರು, ಒಂದು ಮಾತು ಬರೆದ್ರು, ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವ್ರಿಗೇ ಕಮ್ಮಿ ಸಿಗ್ತದೆ ಅನ್ನೋ ಅರ್ಥದ್ದು. ಅವ್ರಿಗೆ ನಮ್ಮ ಜಿಲ್ಲೆ ಗೊತ್ತಿರ್ಲಿಲ್ಲ, ಆದ್ರೆ ನಮ್ಮ ಜಿಲ್ಲೆ ನೋಡಿಯೇ ಬರೆದಂಗಿದೆ. ಕಾರವಾರದವ್ರು ಸೀರಿಯಸ್ ಆದ್ರೆ ಗೋವಾಕ್ಕೆ, ಹೊನ್ನಾವರ ಭಟ್ಕಳದವ್ರು ಮಣಿಪಾಲಕ್ಕೆ, ನೀವು ಶಿರಸಿ ಕಡೆಯವ್ರು ಹುಬ್ಬಳ್ಳಿಗೆ ಇಲ್ಲಾ ಶಿವಮೊಗ್ಗಕ್ಕೆ. ಕಾರವಾರದಲ್ಲಿ 2016ರಿಂದ ಮೆಡಿಕಲ್ ಕಾಲೇಜು ಇದೆ, ಆದ್ರೂ ದೊಡ್ಡ ಆಸ್ಪತ್ರೆ ಬೇಕು ಅಂತ 2019ರಲ್ಲಿ ಹುಡುಗ್ರು ಟ್ವಿಟರ್‌ನಲ್ಲಿ ಅಷ್ಟು ಗಲಾಟೆ ಮಾಡಿದ್ದು ಸುಮ್ಮನೆ ಅಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿ ಕರ್ಕೊಂಡು ಉಡುಪಿ ಕಡೆ ಹೊರಟಿದ್ದ ಆಂಬುಲೆನ್ಸ್ ಬೈಂದೂರು ಹತ್ರದ ಶಿರೂರು ಟೋಲ್ ಗೇಟಲ್ಲಿ ಮಳೆಗೆ ಜಾರಿ ಉರುಳಿ ನಾಲ್ಕು ಜನ ಹೋದ್ರು. ಅದು ಬೇರೆ ಶಿರೂರು. ಎರಡೂ ಹೆಸರು ಒಂದೇ ಆದದ್ದು ನಮ್ಮ ಹಣೆಬರಹ.

ಈಗ ನಿಮ್ಮ "ಅಭ್ಯಾಸ" ಅನ್ನೋ ಪ್ರಶ್ನೆ. ಕವಳ, ತಂಬಾಕು, ಸಾರಾಯಿ ಇದೆಲ್ಲ ಕಾಯಿಲೆ ತರಲ್ಲ ಅಂತ ಡಾಕ್ಟರಾಗಿ ನಾನು ಹೇಳೋಕಾಗಲ್ಲ, ತರ್ತವೆ. ಆದ್ರೆ ಎಷ್ಟು ಪಾಲು? ಲಂಡನ್ನಿನಲ್ಲಿ 1967ರಿಂದ ಹದಿನೇಳು ಸಾವಿರಕ್ಕೂ ಹೆಚ್ಚು ಗಂಡಸ್ರನ್ನ, ಎಲ್ರೂ ಸರ್ಕಾರಿ ನೌಕರರು, ವರ್ಷಗಟ್ಟಲೆ ಹಿಂಬಾಲಿಸಿದ ವೈಟ್‌ಹಾಲ್ ಸ್ಟಡಿ ಅಂತಿದೆ, ಅದ್ರ ಲೆಕ್ಕ ಬಿಡಿಸಿ ಹೆಸರಾದವ್ರು ಮೈಕೆಲ್ ಮಾರ್ಮಟ್. ಅಲ್ಲಿ ಹೊಟ್ಟೆಗಿಲ್ಲದೋರು ಯಾರೂ ಇಲ್ಲ, ಎಲ್ರಿಗೂ ಸಂಬಳ, ಎಲ್ರಿಗೂ ಡಾಕ್ಟ್ರು. ಆದ್ರೂ ತೀರಾ ಕೆಳಗಿನ ದರ್ಜೆಯವ್ರಲ್ಲಿ ಹೃದಯದ ಕಾಯಿಲೆಯ ಸಾವು ಮೇಲಿನ ದರ್ಜೆಯವ್ರಿಗಿಂತ ಮೂರು ಪಟ್ಟಿಗೂ ಹೆಚ್ಚು, ನಡುವಿನವ್ರದ್ದು ನಡುವೆ, ಮೆಟ್ಟಿಲು ಮೆಟ್ಟಿಲಾಗಿ. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಕಳೆದು ನೋಡಿದ್ರೂ ಈ ಅಂತರದ ಮೂರನೇ ಒಂದು ಪಾಲಷ್ಟೇ ಲೆಕ್ಕಕ್ಕೆ ಸಿಕ್ಕಿತು. ಉಳಿದದ್ದರಲ್ಲಿ ಬದುಕೋ ಪರಿಸ್ಥಿತಿಯ, ಕೆಲ್ಸದ ಮೇಲೆ ತನಗೆಷ್ಟು ಹಿಡಿತ ಇದೆ ಅನ್ನೋದ್ರ ಪಾಲಿದೆ ಅಂತಾರೆ. "ಇವತ್ತು ಬೆಟ್ಟಕ್ಕೆ ಬರಲ್ಲ" ಅನ್ನೋಕೆ ಆ ಅಕ್ಕನಿಗೆ ಆಗ್ತದಾ, ಹೇಳಿ. ಇನ್ನೊಂದು ಉದಾಹರಣೆ ತೋಟದಲ್ಲೇ ಇದೆ. ಮಳೇಲಿ ಜಾರೋ ಅಡಿಕೆ ಮರ ಹತ್ತಿ ಕೊಳೆ ಔಷಧಿ ಹೊಡೆಯೋ ಕೊನೆಗೌಡರಿಗೆ ತಲೆತಲಾಂತರದಿಂದ "ಹುಷಾರಾಗಿ ಹತ್ತು ಮಾರಾಯ" ಅಂತ ಹೇಳ್ತಾನೇ ಬಂದ್ವಿ, ಬೀಳೋರು ಬೀಳ್ತಾನೇ ಇದ್ರು, ಸೊಂಟ ಬೆನ್ನುಹುರಿ ಹೋಗಿ ಮಲಗಿದೋರನ್ನ ನಾನೇ ಎಷ್ಟು ನೋಡಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ (ಹಗುರದ ಉದ್ದ ಕೋಲು) ಬಂತು, ನೆಲದ ಮೇಲೆ ನಿಂತು ಔಷಧಿ ಹೊಡೀತಾರೆ, ಅಡಿಕೆ ಗೊನೆನೂ ಇಳಿಸ್ತಾರೆ. ಅದೇ ಮನುಷ್ಯ, ಅದೇ ಅಭ್ಯಾಸ, ಮರ ಹತ್ತೋದು ತಪ್ಪಿದ್ದೇ ಬೀಳೋದೂ ತಪ್ಪಿತು.

ಅಭ್ಯಾಸದ ಪಾಠ ಹೇಳೋದ್ರಲ್ಲಿ ನಾನೇ ಪೆಟ್ಟು ತಿಂದವ್ನು. ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಕ್ಯಾಂಪಲ್ಲಿ ಅಜ್ಜಿಯೊಬ್ರಿಗೆ ನೀರು ಚೆನ್ನಾಗಿ ಕುದಿಸಿ ಆರಿಸಿ ಕುಡೀರಿ ಅಂತ ಐದು ನಿಮಿಷ ಭಾಷಣ ಮಾಡಿದೆ. ಅಜ್ಜಿ ಪೂರ್ತಿ ಕೇಳಿಸ್ಕೊಂಡು "ಯಾರ ಕಟ್ಟಿಗೇಲಿ ಕುದಿಸೋದು ಒಡೆಯಾ?" ಅಂದ್ರು. ನೀರು ಕುದಿಸೋಕೆ ಇನ್ನೊಂದು ಹೊರೆ ಕಟ್ಟಿಗೆ, ಕಟ್ಟಿಗೆಗೆ ಮತ್ತೆ ಕಾಡು, ಕಾಡಿಗೆ ಹೋದ್ರೆ ಉಣುಗು, ತಂದು ಉರಿಸಿದ್ರೆ ಹೊಗೆ. ನಾನು ಕೊಟ್ಟ ಒಂದು ಸಲಹೆಗೆ ಆ ಮನೇಲಿ ಮೂರು ಕಾಯಿಲೆಯ ದಾರಿ ಇತ್ತು, ನನಗೆ ಕಂಡಿದ್ದು ವಾಂತಿಭೇದಿ ಒಂದೇ.

ಹಾಗಾಗಿ ಫಿಲ್ಟರ್. ಕೊಡ್ಬೇಡಿ ಅಂತಲ್ಲ, ಸಣ್ಣ ಮಗು ಇರೋ ಮನೆಗೆ ಒಳ್ಳೇದೇ, ಆದ್ರೆ ಅವ್ರ ಮನೆಯ ಸಾಲಲ್ಲಿ ಅದು ಮೊದಲನೇದಲ್ಲ, ಬಾವಿಗೆ ಕಟ್ಟೆ ಕಟ್ಟಿಸಿ ಆಗಾಗ ಬ್ಲೀಚಿಂಗ್ ಹಾಕಿಸಿದ್ರೆ ನೀರಿನ ಭಯ ಬಹಳಷ್ಟು ಕಮ್ಮಿ ಆಗ್ತದೆ. ಕರಾವಳಿಯವ್ರು ಇದನ್ನ ಓದ್ತಿದ್ರೆ ಅವ್ರಿಗೊಂದು ಮಾತು: ಗಂಗಾವಳಿ, ಅಘನಾಶಿನಿ ಅಳಿವೆ ಹತ್ತಿರದ ಬಾವಿಗಳಲ್ಲಿ ಏಪ್ರಿಲ್ ಮೇ ಬಂತು ಅಂದ್ರೆ ನೀರು ಸಪ್ಪೆ ಹೋಗಿ ಉಪ್ಪಾಗ್ತದೆ, ಆ ಉಪ್ಪು ಮಾಮೂಲಿ ಕ್ಯಾಂಡಲ್ ಫಿಲ್ಟರಲ್ಲಿ ಹೋಗಲ್ಲ, ಕುದಿಸಿದ್ರೂ ಹೋಗಲ್ಲ, ಇನ್ನೂ ಗಟ್ಟಿ ಆಗ್ತದೆ. ಬಾಂಗ್ಲಾದೇಶದ ಕರಾವಳೀಲಿ ಇಂಥ ನೀರು ಕುಡಿಯೋ ಬಸುರಿಯರಲ್ಲಿ ಬಿಪಿ ಸಮಸ್ಯೆ ಜಾಸ್ತಿ ಇತ್ತು ಅಂತ ಸ್ಟಡಿಗಳಲ್ಲಿ ಕಂಡಿದೆ. ದುಡ್ಡಿದ್ದೋರು ಕ್ಯಾನ್ ನೀರು ತರಿಸ್ತಾರೆ, ಉಳಿದೋರು ಟ್ಯಾಂಕರ್ ಬರೋ ತನಕ ಅದನ್ನೇ ಕುಡೀತಾರೆ. ಉಪ್ಪು ಹಾಕಿದ ಒಣಮೀನೂ ಅದ್ರ ಜೊತೆಗೆ.

ನೀವು ಮಾಡ್ಬಹುದಾದ್ದು, ನಿಮ್ಮ ಕೈಲೇ ಇರೋದು ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ದರಕು ತರ್ಸೋದು ನೀವು, ಹಾಗಾಗಿ ಗಮ್‌ಬೂಟು, ಉದ್ದ ತೋಳಿನ ಅಂಗಿ ನಿಮ್ಮ ಖರ್ಚು. ಪಿಎಚ್‌ಸೀಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಉಣುಗು ಹತ್ತದಂತೆ ತಡೆಯೋ ಡೆಪಾ ತೈಲ ಫ್ರೀ ಕೊಡ್ತಾರೆ, ಬೆಟ್ಟಕ್ಕೆ ಹೋಗೋ ಮುಂಚೆ ಕೈಕಾಲಿಗೆ ಹಚ್ಚಿಸಿ, ಅದು ಕೆಲವು ತಾಸು ಮಾತ್ರ ಕೆಲ್ಸ ಮಾಡೋದು, ಮಧ್ಯಾಹ್ನದ ಮೇಲೆ ಇನ್ನೊಂದ್ಸಲ. ಮಂಗ ಸತ್ತದ್ದು ಕಂಡ್ರೆ ಆ ಕಡೆ ಯಾರನ್ನೂ ಕಳಿಸ್ಬೇಡಿ, ಆಶಾ ಕಾರ್ಯಕರ್ತೆಗೆ ಹೇಳಿ, ಆ ವರ್ಷ ಅಲ್ಲಿನ ದರಕು ಬಿಟ್ಟೇಬಿಡಿ, ತೋಟ ಏನೂ ಸಾಯಲ್ಲ. ಬೆಟ್ಟದಿಂದ ಬಂದೋರು ನಿಮ್ಮ ಬಚ್ಚಲ ಹಂಡೆಯ ಬಿಸಿನೀರಲ್ಲೇ ಮಿಂದು ಬಟ್ಟೆ ಬದ್ಲಿಸಿ ಮನೆಗೆ ಹೋಗ್ಲಿ, ಇದಕ್ಕೆ ಕೆಲವು ಮನೇಲಿ ಮುಖ ಸಿಂಡರಿಸ್ತಾರೆ ಅಂತ ನನಗೆ ಗೊತ್ತು, ಆದ್ರೂ ಹೇಳ್ತಿದ್ದೇನೆ. ಎಲ್ಲಕ್ಕಿಂತ ಮುಖ್ಯ, ಜ್ವರ ಬಂದ ದಿನದ ಕೂಲಿ ಕಡಿಬೇಡಿ, ಅವತ್ತೇ ರಕ್ತ ಪರೀಕ್ಷೆಗೆ ಕರ್ಕೊಂಡು ಹೋಗಿ.

ಫಿಲ್ಟರಿಗೆ ಅಂತ ಇಟ್ಟ ದುಡ್ಡಲ್ಲಿ ಒಲೆಗೆ ಹೊಗೆಗೂಡು ಮಾಡಿಸ್ಬಹುದು, ಅಸ್ತ್ರ ಒಲೆ (ಹೊಗೆ ಕಮ್ಮಿ ಮಾಡೋ ಸುಧಾರಿತ ಕಟ್ಟಿಗೆ ಒಲೆ) ಹಾಕೋರು ನಿಮ್ಮ ಸೀಮೇಲಿ ಇನ್ನೂ ಸಿಗ್ಬಹುದು ವಿಚಾರ್ಸಿ, ಅಥವಾ ಮಳೆಗಾಲದಲ್ಲಿ ಆದಷ್ಟು ಸಿಲಿಂಡರ್ ತುಂಬಿಸಿ ಕೊಡಿ. ಆದ್ರೆ ಏನೇ ಮಾಡೋ ಮುಂಚೆ ಆ ಅಕ್ಕನ್ನ ಕೇಳಿ, ನಿನಗೆ ಏನು ಬೇಕು ಅಂತ. ನಾನು ಹೀಗೆ ಒಬ್ರನ್ನ ಕೇಳಿದಾಗ ಔಷಧಿನೂ ಹೇಳ್ಲಿಲ್ಲ, ಗ್ಯಾಸೂ ಹೇಳ್ಲಿಲ್ಲ, ಮಾಡಿಗೆ ಒಂದು ಗಾಜಿನ ಹಂಚು ಬೇಕು ಅಂದ್ರು. ಯಾಕೆ ಅಂದೆ. ಬೆಟ್ಟದಿಂದ ಬಂದ್ಮೇಲೆ ಮಗಳ ಕುತ್ತಿಗೆ, ಕಿವಿ ಹಿಂದೆ ಎಲ್ಲ ಉಣುಗು ಹುಡುಕ್ಬೇಕು, ಮನೆ ಒಳಗೆ ಮಸಿ ಹಿಡಿದ ಬಲ್ಬು, ಏನೂ ಕಾಣಲ್ಲ ಅಂದ್ರು.